ಹದಿನೈದು ಅಡಿ ಖಾಲಿ

2018ರ ಆಗಸ್ಟ್ 9, ಗುರುವಾರ. ಮಧ್ಯಾಹ್ನ ಹನ್ನೆರಡೂವರೆಗೆ ಇಡುಕ್ಕಿ ಜಲಾಶಯದ ಚೆರುತೋಣಿ ಅಣೆಕಟ್ಟಿನ ಐದು ಬಾಗಿಲುಗಳಲ್ಲಿ ನಡುವಿನದನ್ನು ಅರ್ಧ ಮೀಟರ್ ಎತ್ತಿದರು. ಇಪ್ಪತ್ತಾರು ವರ್ಷಗಳ ನಂತರ ಮೊದಲ ಬಾರಿಗೆ, ಸೆಕೆಂಡಿಗೆ ಐವತ್ತು ಸಾವಿರ ಲೀಟರಿನಂತೆ, ನೀರು ಕೆಳಗಿನ ಪಾತ್ರಕ್ಕೆ ಇಳಿಯಿತು. ಅಧಿಕಾರಿಗಳು ಅದನ್ನು ‘ಟ್ರಯಲ್ ರನ್’ ಎಂದು ಕರೆದರು. ಆ ಹೊತ್ತಿಗೆ ಜಲಾಶಯದ ಮಟ್ಟ 2398.98 ಅಡಿ. ಪೂರ್ಣ ಮಟ್ಟ 2403 ಅಡಿ.

ನಾಲ್ಕು ವರ್ಷ ಬಿಟ್ಟು, 2022ರ ಆಗಸ್ಟ್ 7ರಂದು, ಅದೇ ಅಣೆಕಟ್ಟಿನಿಂದ ಅಷ್ಟೇ ನೀರು ಬಿಟ್ಟರು. ಅಂದು ಜಲಾಶಯದ ಮಟ್ಟ ಸುಮಾರು 2384 ಅಡಿ.

ಪಂಚಾಂಗದಲ್ಲಿ ಎರಡು ದಿನದ ವ್ಯತ್ಯಾಸ, ಜಲಾಶಯದಲ್ಲಿ ಹದಿನೈದು ಅಡಿಯ ವ್ಯತ್ಯಾಸ. ಈ ಬಾರಿಯ ಪ್ರಬಂಧ ಆ ಹದಿನೈದು ಅಡಿ ಖಾಲಿ ಜಾಗದ ಬಗ್ಗೆ. ಅದು ಮೊದಲು ಏಕೆ ಇರಲಿಲ್ಲ, ಆಮೇಲೆ ಎಲ್ಲಿಂದ ಬಂತು, ಅದರ ಬೆಲೆ ಯಾರ ಖಾತೆಗೆ ಬೀಳುತ್ತದೆ ಎನ್ನುವುದು ನೆರೆಯ ಕಥೆಗಿಂತ ಹಳೆಯ ಕಥೆ.

ಮೊದಲು ಜಾಗದ ಪರಿಚಯ. ಇಡುಕ್ಕಿ ಎಂದರೆ ಒಂದು ಅಣೆಕಟ್ಟಲ್ಲ, ಮೂರು. ಪೆರಿಯಾರ್ ನದಿಗೆ ಅಡ್ಡವಾಗಿ, ಕುರವನ್ ಮತ್ತು ಕುರತ್ತಿ ಎಂಬ ಎರಡು ಬಂಡೆಗುಡ್ಡಗಳ ನಡುವೆ ಕಮಾನಿನಂತೆ ಬಾಗಿ ನಿಂತಿರುವುದು, ಚಿತ್ರಗಳಲ್ಲಿ ನಾವೆಲ್ಲ ನೋಡಿರುವುದು, ಇಡುಕ್ಕಿ ಕಮಾನು ಅಣೆಕಟ್ಟು. ಅದಕ್ಕೆ ಬಾಗಿಲೇ ಇಲ್ಲ. ಬಾಗಿಲುಗಳಿರುವುದು ಪಕ್ಕದ ಚೆರುತೋಣಿಯಲ್ಲಿ. ಮೂರನೆಯದು ಕುಳಮಾವು. ಮೂರೂ ಸೇರಿ ಹಿಡಿದಿಟ್ಟ ನೀರು ಬೆಟ್ಟದೊಳಗಿನ ಸುರಂಗದಲ್ಲಿ ಇಳಿದು ಮೂಲಮಟ್ಟಂನ ನೆಲದಡಿಯ ವಿದ್ಯುದಾಗಾರದಲ್ಲಿ 780 ಮೆಗಾವಾಟ್‌ವರೆಗೆ ವಿದ್ಯುತ್ ಕೊಟ್ಟು, ತೊಡುಪುಳ ಮತ್ತು ಮೂವಾಟ್ಟುಪುಳ ನದಿಗಳ ಕಡೆಗೆ ಹರಿಯುತ್ತದೆ. ಅಂದರೆ ಮಾಮೂಲಿ ವರ್ಷಗಳಲ್ಲಿ ಇಡುಕ್ಕಿಯ ನೀರು ಪೆರಿಯಾರ್‌ಗೆ ಹಿಂದಿರುಗುವುದೇ ಇಲ್ಲ. ಚೆರುತೋಣಿಯ ಬಾಗಿಲು ತೆರೆದರೆ ಮಾತ್ರ ಅದು ತನ್ನ ಹಳೆಯ ದಾರಿ ಹಿಡಿಯುತ್ತದೆ: ನೇರ್ಯಮಂಗಲಂ, ಭೂತತಾನ್‌ಕೆಟ್ಟು, ಮಲಯಾಟ್ಟೂರು, ಕಾಲಡಿ, ಆಲುವಾ, ಆಮೇಲೆ ಕೊಚ್ಚಿಯ ಹಿನ್ನೀರು.

ಕಾಲಡಿ ಎಂದ ಕೂಡಲೇ ನಮ್ಮಲ್ಲಿ ಹಲವರಿಗೆ ಶೃಂಗೇರಿ ನೆನಪಾಗುತ್ತದೆ. ಅಲ್ಲಿ ಶಂಕರರ ಮತ್ತು ಶಾರದೆಯ ಗುಡಿಗಳನ್ನು 1910ರಲ್ಲಿ ಪ್ರತಿಷ್ಠಾಪಿಸಿದ್ದು ಶೃಂಗೇರಿಯ ಗುರುಗಳೇ. ವಯಸ್ಸಾದ ತಾಯಿಗೆ ಸ್ನಾನಕ್ಕೆ ದೂರ ನಡೆಯಲಾಗದೆಂದು ಬಾಲಕ ಶಂಕರ ಪ್ರಾರ್ಥಿಸಿದಾಗ ನದಿಯೇ ಮನೆಯ ಬಳಿಗೆ ತಿರುಗಿತು ಎಂಬ ಐತಿಹ್ಯ ಈ ನದಿಯದ್ದೇ. ಪೆರಿಯಾರ್ ದಾರಿ ಬದಲಿಸುವ ನದಿ ಎನ್ನುವುದು ಅಲ್ಲಿನ ಜನರಿಗೆ ಹೊಸ ಸಂಗತಿಯಲ್ಲ. 1341ರ ಮಹಾನೆರೆಯಲ್ಲಿ ಮುಜಿರಿಸ್ ಬಂದರು ಹೂಳಿನಲ್ಲಿ ಮುಚ್ಚಿಹೋಗಿ ಕೊಚ್ಚಿಯ ಅಳಿವೆ ತೆರೆದುಕೊಂಡಿತು ಎಂದು ಕೇರಳದ ಇತಿಹಾಸ ಪುಸ್ತಕಗಳು ಪರಂಪರೆಯಾಗಿ ಹೇಳುತ್ತ ಬಂದಿವೆ. ಆ ಲೆಕ್ಕದಲ್ಲಿ ಕೊಚ್ಚಿ ನೆರೆಯ ಮಗು.

ಇನ್ನು ತಿರುವನಂತಪುರ. ಅದು ಪೆರಿಯಾರ್‌ನಿಂದ ಬಹಳ ದೂರ, ಬೇರೆ ನದಿಗಳ ಊರು. ಆದರೆ ಇಡುಕ್ಕಿ ಕೇರಳ ರಾಜ್ಯ ವಿದ್ಯುತ್ ಮಂಡಳಿಯ ಆಸ್ತಿ, ಮಂಡಳಿಯ ಮುಖ್ಯ ಕಚೇರಿ ತಿರುವನಂತಪುರದ ಪಟ್ಟಂನಲ್ಲಿರುವ ವೈದ್ಯುತಿ ಭವನ. ನೀರು ಹೋಗುವುದು ಕೊಚ್ಚಿಯ ಕಡೆಗೆ, ಬಾಗಿಲಿನ ಲೆಕ್ಕ ಇರುವುದು ತಿರುವನಂತಪುರದಲ್ಲಿ. 2018ರ ಜಗಳವನ್ನು ಅರ್ಥಮಾಡಿಕೊಳ್ಳಲು ಇದೊಂದು ಭೂಗೋಳ ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು.

ಅಳತೆಗಳ ಬಗ್ಗೆಯೂ ಒಂದು ಮಾತು. ನಾವು ಕ್ಯುಸೆಕ್, ಟಿಎಂಸಿ ಎಂದು ಓದಿ ಬೆಳೆದವರು. ಕೇರಳದ ಪತ್ರಿಕೆಗಳು ಕ್ಯುಮೆಕ್, ಅಂದರೆ ಸೆಕೆಂಡಿಗೆ ಘನ ಮೀಟರ್, ಎನ್ನುತ್ತವೆ. ಒಂದು ಕ್ಯುಮೆಕ್ ಎಂದರೆ ಸುಮಾರು 35 ಕ್ಯುಸೆಕ್. ಇಡುಕ್ಕಿಯಲ್ಲಿ ಬಳಸಬಹುದಾದ ನೀರು ಸುಮಾರು 51 ಟಿಎಂಸಿ. ಕೆಆರ್‌ಎಸ್‌ನ ಒಟ್ಟು ಸಾಮರ್ಥ್ಯ 49.45 ಟಿಎಂಸಿ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಅಂದಾಜು ಸಿಗುತ್ತದೆ.

ಭಾಷಾಶಾಸ್ತ್ರ ಓದಿದವರಿಗೆ ಇಲ್ಲಿ ಸುಮ್ಮನೆ ದಾಟಿಹೋಗಲು ಆಗದ ಒಂದು ಪದವಿದೆ. ತಮಿಳಿನಲ್ಲಿ ‘ವೆಳ್ಳಂ’ ಎಂದರೆ ನೆರೆ. ತುಳುವಿನಲ್ಲಿ ‘ಬೊಳ್ಳ’ ಎಂದರೂ ನೆರೆ. ಅದೇ ಪದ ಮಲಯಾಳದಲ್ಲಿ ಬರೀ ನೀರು, ಕುಡಿಯುವ ನೀರೂ ‘ವೆಳ್ಳಂ’. ನೆರೆಗೆ ಅವರು ‘ಪೊಕ್ಕಂ’, ಅಂದರೆ ಎತ್ತರ, ಏರಿಕೆ, ಎಂಬುದನ್ನು ಸೇರಿಸಿ ‘ವೆಳ್ಳಪ್ಪೊಕ್ಕಂ’ ಎನ್ನಬೇಕಾಯಿತು. ನೆರೆಯ ಹೆಸರನ್ನೇ ನೀರಿಗಿಟ್ಟುಕೊಂಡ ಭಾಷೆಯಲ್ಲಿ ನೆರೆ ಎಂದರೆ ನೀರು ಎತ್ತರವಾಗುವುದು ಮಾತ್ರ.

ಆ ಎತ್ತರದ ಹಳೆಯ ಗುರುತು 1924ರದು. ಕೊಲ್ಲಂ ಶಕೆ 1099ರ ಕರ್ಕಾಟಕ ಮಾಸದಲ್ಲಿ, ಜುಲೈನಲ್ಲಿ, ಮೂರು ವಾರ ಹಿಡಿದ ಮಳೆ ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳನ್ನು ಮುಳುಗಿಸಿತು. ಮುನ್ನಾರ್‌ನ ಪೇಟೆ ಕೊಚ್ಚಿಹೋಯಿತು, ಕುಂಡಲ ಕಣಿವೆಯ ಪುಟ್ಟ ರೈಲುಮಾರ್ಗ ಅಳಿಸಿಹೋಗಿ ಮತ್ತೆ ಹುಟ್ಟಲೇ ಇಲ್ಲ. ಕೇರಳದ ಅಜ್ಜ ಅಜ್ಜಿಯರು ಅದನ್ನು ‘ತೊಂಬತ್ತೊಂಬತ್ತರ ನೆರೆ’ ಎಂದೇ ಕರೆಯುತ್ತಿದ್ದರು. ಆಗ ಇಡುಕ್ಕಿ ಇರಲಿಲ್ಲ. ಪೆರಿಯಾರ್ ಮೇಲೆ ಇದ್ದ ದೊಡ್ಡ ಅಣೆಕಟ್ಟೆಂದರೆ 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಒಂದೇ. ಅದೂ ಕೇರಳದ ನೆರೆ ತಡೆಯಲು ಕಟ್ಟಿದ್ದಲ್ಲ. ಪಶ್ಚಿಮಕ್ಕೆ ಹರಿಯುವ ನೀರನ್ನು ಬೆಟ್ಟ ಕೊರೆದು ಪೂರ್ವದ ವೈಗೈ ಬಯಲಿಗೆ ತಿರುಗಿಸಲು, ತಿರುವಾಂಕೂರಿನಿಂದ 1886ರಲ್ಲಿ 999 ವರ್ಷಗಳ ಗುತ್ತಿಗೆ ಬರೆಸಿಕೊಂಡು ಮದ್ರಾಸ್ ಸರ್ಕಾರ ಕಟ್ಟಿದ್ದು.

ಇಲ್ಲಿಂದ ಒಂದು ಮಾದರಿ ಶುರುವಾಗುತ್ತದೆ. ಪೆರಿಯಾರ್ ಮೇಲಿನ ಅಣೆಕಟ್ಟುಗಳೆಲ್ಲ ಏನನ್ನಾದರೂ ಗಳಿಸಲು ಕಟ್ಟಿದವು. ಮುಲ್ಲಪೆರಿಯಾರ್ ನೀರಾವರಿಗೆ. 1940ರಲ್ಲಿ ಶುರುವಾದ ಪಳ್ಳಿವಾಸಲ್ ವಿದ್ಯುತ್ತಿಗೆ. ಆಮೇಲೆ ಇಡುಕ್ಕಿ. ಈ ಜಾಗವನ್ನು ತೋರಿಸಿದವನು ಬೇಟೆಗೆ ಬಂದ ತೋಟದ ಅಧಿಕಾರಿಯೊಬ್ಬನಿಗೆ ದಾರಿಕಾರನಾಗಿದ್ದ ಕೊಲುಂಬನ್ ಎಂಬ ಆದಿವಾಸಿ. ಅವನ ಸ್ಮಾರಕ ಅಣೆಕಟ್ಟಿನ ಬಳಿ ಇದೆ. ಕೆನಡಾದ ನೆರವಿನಿಂದ ಕಟ್ಟಿದ ಈ ಯೋಜನೆಯನ್ನು 1976ರ ಫೆಬ್ರವರಿ 12ರಂದು ಇಂದಿರಾ ಗಾಂಧಿ ಉದ್ಘಾಟಿಸಿದರು. ಕಲ್ಲಿದ್ದಲಿಲ್ಲದ ಕೇರಳಕ್ಕೆ ಅದು ಬೊಕ್ಕಸ. ಜಲಾಶಯದ ಪ್ರತಿ ಅಡಿಯೂ ಯೂನಿಟ್ಟುಗಳಲ್ಲಿ ಅಳೆಯುವ ಹಣ. ಅಂಥ ಕಡೆ ಜಲಾಶಯವನ್ನು ಬೇಕೆಂದೇ ಖಾಲಿ ಇಡುವುದು ಎಂದರೆ ಗೋದಾಮಿನ ಅಕ್ಕಿಯನ್ನು ಹೊರಗೆ ಚೆಲ್ಲಿದಂತೆ. ಹಾಗೆಂದು ಮಂಡಳಿಯನ್ನು ಬೈಯುವುದು ಸುಲಭ. ಆದರೆ 2016ರಲ್ಲಿ ಕೇರಳದ ಮುಂಗಾರು ಶೇ 34ರಷ್ಟು ಕಡಿಮೆಯಾಗಿತ್ತು. ಚೆರುತೋಣಿಯ ಬಾಗಿಲು ಅದುವರೆಗೆ ತೆರೆದದ್ದು ಎರಡೇ ಸಲ, 1981 ಮತ್ತು 1992ರಲ್ಲಿ. ಇಪ್ಪತ್ತಾರು ವರ್ಷ ತುಂಬಿ ಹರಿಯದ ಜಲಾಶಯದ ಮುಂದೆ ಕೂತ ಎಂಜಿನಿಯರಿಗೆ ಭಯ ಬರಗಾಲದ್ದೇ ಇರುತ್ತದೆ.

ನಮ್ಮಲ್ಲೂ ಹಾಗೆಯೇ. 2018ರ ಜುಲೈನಲ್ಲಿ ಕೆಆರ್‌ಎಸ್ ತುಂಬಿತು. ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಹೋಗಿ ಬಾಗಿನ ಅರ್ಪಿಸಿದರು, ಪತ್ರಿಕೆಗಳ ಮುಖಪುಟದಲ್ಲಿ ಚಿತ್ರ ಬಂತು. ತುಂಬಿದ ಜಲಾಶಯಕ್ಕೆ ಬಾಗಿನ ಕೊಡುವ ನಾಡಿನಲ್ಲಿ, ಮುಕ್ಕಾಲು ತುಂಬಿದ ಜಲಾಶಯಕ್ಕೆ ಕೊಡಲು ಯಾವ ಆಚಾರವೂ ಇಲ್ಲ.

ನಮ್ಮ ಕೆರೆಗಳಿಗೆ ಈ ಸಂಕಟ ಇರಲಿಲ್ಲ. ಕೆರೆಗೆ ತೂಬು ಇರುತ್ತದೆ, ಕೋಡಿ ಇರುತ್ತದೆ. ತೂಬು ತೆಗೆಯುವುದು ನೀರುಗಂಟಿಯ ಕೈಯಲ್ಲಿ. ಕೋಡಿ ಮಾತ್ರ ಯಾರ ಕೈಯಲ್ಲೂ ಇಲ್ಲ. ಏರಿಯ ಒಂದು ಬದಿಯಲ್ಲಿ ಇಷ್ಟು ಎತ್ತರ ಎಂದು ಕಲ್ಲು ಕೂರಿಸಿದ ದಿನವೇ ತೀರ್ಮಾನ ಆಗಿಹೋಗಿದೆ. ನೀರು ಅಲ್ಲಿಗೆ ಬಂದರೆ ತಾನೇ ಹೊರಗೆ. ಅರ್ಧರಾತ್ರಿ ಯಾರನ್ನೂ ಎಬ್ಬಿಸಿ ಕೇಳಬೇಕಿಲ್ಲ. ದೊಡ್ಡ ಅಣೆಕಟ್ಟಿಗೆ ಕಬ್ಬಿಣದ ಬಾಗಿಲು ಬಂದ ಮೇಲೆ ಆ ತೀರ್ಮಾನ ಮನುಷ್ಯನ ತಲೆಗೆ ಬಂತು. ಬಾಗಿಲು ಇದ್ದರೆ ಇನ್ನೂ ಕೆಲವು ಅಡಿ ಹೆಚ್ಚು ನೀರು ಹಿಡಿಯಬಹುದು, ಆದರೆ ಯಾವಾಗ ಎತ್ತಬೇಕೆಂದು ಯಾರಾದರೂ ಹೇಳಬೇಕು. ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆಯ ಖಡಕ್‌ವಾಸ್ಲಾದಲ್ಲಿ ಕೂರಿಸಿದ ಸ್ವಯಂಚಾಲಿತ ಬಾಗಿಲುಗಳು ಈ ಎರಡರ ನಡುವಿನವು. ನೀರು ಗುರುತಿನ ಮಟ್ಟ ದಾಟಿದರೆ ಬಾಗಿಲು ತಾನಾಗಿ ತೆರೆಯುತ್ತದೆ, ಇಳಿದರೆ ತಾನಾಗಿ ಮುಚ್ಚುತ್ತದೆ. ಕೋಡಿಯ ಗುಣವನ್ನು ಕಬ್ಬಿಣಕ್ಕೆ ಕಲಿಸಿದ ಹಾಗೆ.

ಅವರದ್ದೇ ಇನ್ನೊಂದು ಕೆಲಸ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಹೈದರಾಬಾದನ್ನು ಮುಳುಗಿಸಿ ಸಾವಿರಾರು ಜನರನ್ನು ಕೊಂದಿತು. ನಿಜಾಮರ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರ ಸಲಹೆಯ ಮೇಲೆ ನಗರದ ಮೇಲ್ಭಾಗದಲ್ಲಿ ಉಸ್ಮಾನ್ ಸಾಗರ (1920), ಹಿಮಾಯತ್ ಸಾಗರ (1927) ಎದ್ದವು. ಅವುಗಳ ಮೊದಲ ಉದ್ದೇಶ ನೆರೆಯನ್ನು ಹಿಡಿದು ನಿಲ್ಲಿಸುವುದು. ಅಂದರೆ ಖಾಲಿ ಜಾಗಕ್ಕೆಂದೇ ಕಟ್ಟಿದ ಜಲಾಶಯಗಳು. ಮುಂದೆ ಹೈದರಾಬಾದ್ ಬೆಳೆಯಿತು, ಅವು ಕುಡಿಯುವ ನೀರಿನ ಆಸರೆಯಾದವು, ಕುಡಿಯುವ ನೀರಿಗೆ ಬೇಕಾದದ್ದು ತುಂಬಿದ ಕೆರೆ. 2020ರ ಅಕ್ಟೋಬರಿನ ಮಹಾಮಳೆಯಲ್ಲಿ ಹಿಮಾಯತ್ ಸಾಗರದ ಬಾಗಿಲು ಎತ್ತಿ ಮೂಸಿಗೇ ನೀರು ಬಿಡಬೇಕಾಯಿತು. ಖಾಲಿ ಜಾಗಕ್ಕೆ ಒಡೆಯರಿಲ್ಲದಿದ್ದರೆ ಅದು ನಿಧಾನಕ್ಕೆ ಒತ್ತುವರಿಯಾಗುತ್ತದೆ, ಊರ ಗೋಮಾಳದ ಹಾಗೆ.

ಈಗ ಮತ್ತೆ ಇಡುಕ್ಕಿಗೆ. 2018ರ ಜುಲೈ ಕೊನೆಗೆ ಮಟ್ಟ 2395 ಅಡಿ ಮುಟ್ಟಿ ಆರೆಂಜ್ ಅಲರ್ಟ್ ಘೋಷಣೆಯಾಯಿತು. ರೆಡ್ ಅಲರ್ಟಿಗೆ ಗೊತ್ತುಮಾಡಿದ್ದ ಮಟ್ಟ 2399. ಈ ಬಣ್ಣಗಳೆಲ್ಲ ಪೂರ್ಣ ಮಟ್ಟದ ಕೊನೆಯ ಕೆಲವೇ ಅಡಿಗಳೊಳಗೆ ಇದ್ದವು, ಜೂನ್ ಆಗಲಿ ನವೆಂಬರ್ ಆಗಲಿ ಒಂದೇ. ಚೆರುತೋಣಿ ಪೇಟೆಯಲ್ಲಿ ಆತಂಕ ಬೇರೆ ಇತ್ತು. ಇಪ್ಪತ್ತಾರು ವರ್ಷದಿಂದ ನೀರು ಕಾಣದ ಪಾತ್ರದ ಅಂಚಿನಲ್ಲಿ ಅಂಗಡಿ, ಮನೆ, ತೋಟ, ಬಸ್ ನಿಲ್ದಾಣ ಎಲ್ಲ ಬಂದಿದ್ದವು. ಕಂದಾಯ ಇಲಾಖೆಯವರು ನದಿಯ ಉದ್ದಕ್ಕೂ ಓಡಾಡಿ ಯಾವ ಮನೆಗೆ ನೀರು ಬರಬಹುದೆಂದು ಗುರುತು ಹಾಕಿದರು. ಅಷ್ಟರಲ್ಲಿ ಮಳೆ ಸ್ವಲ್ಪ ಇಳಿಯಿತು. ಬಾಗಿಲು ತೆರೆಯುವ ಮಾತು ಹಿಂದಕ್ಕೆ ಸರಿಯಿತು. ಆಗಸ್ಟ್ 8, 9ಕ್ಕೆ ಮಳೆ ಮತ್ತೆ ಹಿಡಿದುಕೊಂಡಿತು. 9ರ ಬೆಳಗ್ಗೆ ಪಕ್ಕದ ಇಡಮಲಯಾರ್ ತೆರೆದರು, ಮಧ್ಯಾಹ್ನ ಚೆರುತೋಣಿಯ ಒಂದು ಬಾಗಿಲು, ಮರುದಿನ ಐದೂ. ನಡುವೆ ಮಳೆ ಇಳಿದಾಗ ಬಿಡುವ ನೀರನ್ನೂ ಇಳಿಸಿದರು. ಆಗಸ್ಟ್ 14ರ ರಾತ್ರಿ ಆಕಾಶ ಮತ್ತೆ ತೂತಾಯಿತು.

ಆಗಸ್ಟ್ 15ರ ನಸುಕಿಗೆ, ಎರಡೂವರೆ ಗಂಟೆಯ ಹೊತ್ತಿಗೆ, ಮುಲ್ಲಪೆರಿಯಾರ್‌ನ ಬಾಗಿಲುಗಳೂ ತೆರೆದವು. ಅಲ್ಲಿನ ಬಾಗಿಲು ತಮಿಳುನಾಡಿನ ಕೈಯಲ್ಲಿದೆ. 142 ಅಡಿವರೆಗೆ ನೀರು ನಿಲ್ಲಿಸಲು ಸುಪ್ರೀಂ ಕೋರ್ಟಿನ ಒಪ್ಪಿಗೆಯಿತ್ತು, ನೀರು ಅಲ್ಲಿಗೇ ಬಂದಿತ್ತು. ಆ ನೀರು ಇಳಿಯುವುದು ಇಡುಕ್ಕಿಗೆ. 15ರಿಂದ 17ರವರೆಗೆ ಮೂರು ದಿನ ರಾಜ್ಯದ ಸರಾಸರಿ ಮಳೆ 414 ಮಿಲಿಮೀಟರ್. ಬೆಂಗಳೂರಿನಲ್ಲಿ ವರ್ಷವಿಡೀ ಬೀಳುವ ಮಳೆಯ ಹತ್ತಿರ ಹತ್ತಿರ ಅರ್ಧದಷ್ಟು. ಇಡುಕ್ಕಿಗೆ ಒಳಹರಿವು ಒಂದು ಹಂತದಲ್ಲಿ 2532 ಕ್ಯುಮೆಕ್, ಹೊರಗೆ ಬಿಟ್ಟದ್ದು 1500, ಅಂದರೆ ಸುಮಾರು 53 ಸಾವಿರ ಕ್ಯುಸೆಕ್. ಚೆರುತೋಣಿಯ ಬಸ್ ನಿಲ್ದಾಣ ಹೋಯಿತು. ಪೆರಿಯಾರ್ ಕಾಲಡಿಯ ಸಂಸ್ಕೃತ ವಿಶ್ವವಿದ್ಯಾಲಯವನ್ನು ಸುತ್ತುವರಿದು ವಿದ್ಯಾರ್ಥಿಗಳು ಒಳಗೆ ಸಿಕ್ಕಿಕೊಂಡರು. ಆಲುವಾದ ಮನೆಗಳ ಮೊದಲ ಮಹಡಿಗೆ ನೀರು ಏರಿತು. ನೆಡುಂಬಾಶ್ಶೇರಿಯಲ್ಲಿರುವ ಕೊಚ್ಚಿ ವಿಮಾನ ನಿಲ್ದಾಣ 15ರಂದು ಮುಚ್ಚಿ 29ರಂದು ತೆರೆಯಿತು. ನಡುವೆ ಚಿಕ್ಕ ವಿಮಾನಗಳು ವಿಲ್ಲಿಂಗ್ಡನ್ ದ್ವೀಪದ ನೌಕಾಪಡೆಯ ನೆಲೆಯಿಂದ ಹಾರಿದವು. ದಕ್ಷಿಣದಲ್ಲಿ ತಿರುವನಂತಪುರದ ಪೂಂತುರ, ವಿಳಿಂಜಂ ಕಡಲತೀರದ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೆ ಹೇರಿಕೊಂಡು ಚೆಂಗನ್ನೂರಿನ ಕಡೆ ಹೊರಟರು. ಕೇರಳದಾದ್ಯಂತ 35 ಅಣೆಕಟ್ಟುಗಳ ಬಾಗಿಲು ತೆರೆದಿದ್ದವು. ಸತ್ತವರು ನಾನೂರಕ್ಕೂ ಹೆಚ್ಚು. ಒಂದು ಹಂತದಲ್ಲಿ ಹದಿನಾಲ್ಕು ಲಕ್ಷಕ್ಕೂ ಹೆಚ್ಚು ಜನ ಪರಿಹಾರ ಶಿಬಿರಗಳಲ್ಲಿದ್ದರು.

ನೀರಿಳಿದ ಮೇಲೆ ವರದಿಗಳು ಏರಿದವು. ನನ್ನ ಕೆಲಸ ಅನುವಾದ, ಹಾಗಾಗಿ ಇಂಥ ವರದಿಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಕ್ರಿಯಾಪದಗಳು. ‘ಹೊರಹರಿವನ್ನು ಹೆಚ್ಚಿಸಲಾಯಿತು’, ‘ಮಟ್ಟವನ್ನು ಕಾಯ್ದುಕೊಳ್ಳಲಾಯಿತು’. ಮಲಯಾಳದ ಪತ್ರಿಕಾಭಾಷೆ ಇನ್ನೂ ಚಿಕ್ಕದು, ‘ಅಣೆಕಟ್ಟು ತೆರೆದು’ ಎಂದರೆ ಮುಗಿಯಿತು, ಅಂಗಡಿ ತೆರೆದ ಹಾಗೆ. ಎರಡರಲ್ಲೂ ಕರ್ತೃ ಇಲ್ಲ. ಕರ್ತೃವನ್ನು ಹುಡುಕುವುದೇ ಮುಂದಿನ ಮೂರು ವರ್ಷದ ಜಗಳದ ವಿಷಯವಾಯಿತು.

2018ರ ಸೆಪ್ಟೆಂಬರಿನಲ್ಲಿ ಕೇಂದ್ರ ಜಲ ಆಯೋಗ ಹೇಳಿತು: ಅಣೆಕಟ್ಟುಗಳು ನೆರೆಯನ್ನು ಹೆಚ್ಚಿಸಲೂ ಇಲ್ಲ, ದೊಡ್ಡದಾಗಿ ಕಡಿಮೆ ಮಾಡಲೂ ಇಲ್ಲ. ಮಳೆಯೇ ಅಷ್ಟಿತ್ತು, 1924ರ ಮಳೆಗೆ ಹೋಲಿಸಬಹುದಾದಷ್ಟು. ಇಡುಕ್ಕಿ ಒಳಬಂದ ನೀರಿನ ಒಂದು ಭಾಗವನ್ನು ಹಿಡಿದಿಟ್ಟುಕೊಂಡು ಕಡಿಮೆಯನ್ನೇ ಬಿಟ್ಟಿತ್ತಲ್ಲ. ಅದೇ ವರದಿ ಜಲಾಶಯಗಳ ರೂಲ್ ಕರ್ವ್‌ಗಳನ್ನು ಮತ್ತೆ ನೋಡಬೇಕು ಎಂದೂ ಸೇರಿಸಿತು. ತಿರುವನಂತಪುರದಲ್ಲಿ ವಿಧಾನಸಭೆಯ ವಿಶೇಷ ಅಧಿವೇಶನದಲ್ಲಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಕೊಟ್ಟ ಲೆಕ್ಕ ಬೇರೆ ಥರದ್ದು: ಆಗಸ್ಟ್ 9ರಿಂದ 15ರವರೆಗೆ ಹವಾಮಾನ ಇಲಾಖೆ ಅಂದಾಜಿಸಿದ್ದು 98.5 ಮಿಲಿಮೀಟರ್, ಬಿದ್ದದ್ದು 352.2. ಇಲಾಖೆ ತಾನು ಎಚ್ಚರಿಕೆ ಕೊಟ್ಟಿದ್ದೆ ಎಂದಿತು.

ಕೊಚ್ಚಿಯಿಂದ ಬಂದ ಮಾತು ಹೀಗಿರಲಿಲ್ಲ. ಹೈಕೋರ್ಟ್ ಇರುವುದು ಎರ್ನಾಕುಲಂನಲ್ಲಿ, ನೀರು ನುಗ್ಗಿದ ಜಿಲ್ಲೆಯಲ್ಲೇ. ನ್ಯಾಯಾಲಯಕ್ಕೆ ನೆರವಾಗಲು ನೇಮಕಗೊಂಡ ವಕೀಲ ಜೇಕಬ್ ಪಿ. ಅಲೆಕ್ಸ್ 2019ರ ಏಪ್ರಿಲ್‌ನಲ್ಲಿ ಸಲ್ಲಿಸಿದ ವರದಿ ನೇರವಾಗಿತ್ತು. ರಾಜ್ಯದ ಅಣೆಕಟ್ಟುಗಳಲ್ಲಿ ಒಂದನ್ನೂ ನೆರೆ ತಗ್ಗಿಸಲು ಬಳಸಿಲ್ಲ, ಮಳೆ ಹಿಡಿಯಲು ಜಾಗ ಬಿಟ್ಟಿರಲಿಲ್ಲ, ಕೊನೆಗೆ ಎಲ್ಲವನ್ನೂ ಒಟ್ಟಿಗೆ ತೆರೆಯಬೇಕಾಯಿತು, ಸ್ವತಂತ್ರ ಸಮಿತಿಯಿಂದ ತನಿಖೆಯಾಗಲಿ. ಅಲರ್ಟ್‌ಗಳ ಬಣ್ಣಗಳೂ ಅಣೆಕಟ್ಟಿನ ಮಟ್ಟಕ್ಕೆ ಸಂಬಂಧಿಸಿದ್ದವೇ ಹೊರತು ಕೆಳಗಿನ ಜನರಿಗೆ ಸಂಬಂಧಿಸಿದ್ದಲ್ಲ ಎಂಬ ಅವರ ಅಂಶ ನನಗೆ ವರದಿಯಲ್ಲೇ ಮುಖ್ಯವಾದದ್ದು ಅನ್ನಿಸುತ್ತದೆ. ಸರ್ಕಾರ ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ತಳ್ಳಿಹಾಕಿತು.

ವಿಜ್ಞಾನಿಗಳು ಹೇಳಿದ್ದೂ ಇದೆ. ಐಐಟಿ ಮದ್ರಾಸಿನ ಕೆ.ಪಿ. ಸುಧೀರ್ ಮತ್ತು ಸಂಗಡಿಗರು 2019ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪೆರಿಯಾರ್ ಕಣಿವೆಯ ಲೆಕ್ಕ ಪ್ರಕಟಿಸಿದರು. ಜಲಾಶಯವನ್ನು ಮೊದಲೇ ಖಾಲಿ ಮಾಡಿದ್ದರೂ ನೆರೆಯ ಗರಿಷ್ಠ ಹರಿವು ತಗ್ಗುತ್ತಿದ್ದದ್ದು ಶೇ 16ರಿಂದ 21 ಮಾತ್ರ. ಕಾರಣ, ಅಣೆಕಟ್ಟುಗಳ ಕೆಳಗೆ, ಯಾವ ಅಣೆಕಟ್ಟೂ ತಡೆಯದ ಕಾಡು ಗುಡ್ಡಗಳಿಂದಲೇ ಬಹುಪಾಲು ನೀರು ಬಂದಿತ್ತು. ಕಾಲಡಿಯ ಹತ್ತಿರದ ನೀಲೀಶ್ವರಂ ಮಾಪನ ಕೇಂದ್ರದಲ್ಲಿ ಆಗಸ್ಟ್ 16ರಂದು ದಾಖಲಾದ ಹರಿವು ಸುಮಾರು 8,800 ಕ್ಯುಮೆಕ್. ಇಡುಕ್ಕಿ ಬಿಟ್ಟ 1500 ಅದರ ಆರನೇ ಒಂದು ಭಾಗದಷ್ಟು. ಹಾಗಾಗಿ ‘ಅಣೆಕಟ್ಟು ತೆರೆದದ್ದರಿಂದಲೇ ಕೇರಳ ಮುಳುಗಿತು’ ಎಂಬ, ವಾಟ್ಸಾಪಿನಲ್ಲಿ ಇವತ್ತಿಗೂ ಓಡುವ, ಮಾತು ನಿಲ್ಲುವುದಿಲ್ಲ.

ಆದರೆ ಶೇ 16ರಿಂದ 21 ‘ಮಾತ್ರ’ ಎನ್ನುವ ಪದವನ್ನು ಅನುವಾದಿಸುವಾಗ ನನ್ನ ಕೈ ತಡೆಯುತ್ತದೆ. ಹರಿವು ಇಷ್ಟು ತಗ್ಗಿದರೆ ಮಟ್ಟವೂ ಅಷ್ಟೇ ಇಳಿಯುತ್ತದೆ ಎಂದಲ್ಲ, ಅದು ಪಾತ್ರದ ಆಕಾರದ ಮೇಲೆ ಹೋಗುತ್ತದೆ. ಆದರೂ ಆಲುವಾ, ಪರವೂರುಗಳಂಥ ಚಪ್ಪಟೆ ನೆಲದಲ್ಲಿ ಒಂದು ಅಡಿ ಎಂದರೆ ಎಷ್ಟು ಬೀದಿ? ನದಿಯ ಕಣ್ಣಲ್ಲಿ ಅದು ಚಿಲ್ಲರೆ. ಅಡಿಗೆಮನೆಯ ಕಟ್ಟೆಯವರೆಗೆ ಬಂದು ನಿಲ್ಲಬೇಕಾದ ನೀರು ಅಟ್ಟ ಮುಟ್ಟಿದವರಿಗೆ ಚಿಲ್ಲರೆಯಲ್ಲ. ಒಟ್ಟು ನೆರೆಯನ್ನು ತಡೆಯಬಹುದಿತ್ತೇ ಎಂಬ ಪ್ರಶ್ನೆಗೆ ಉತ್ತರ ‘ಇಲ್ಲ’. ಯಾರ ಮನೆಗೂ ನೀರು ಕಡಿಮೆ ಬರುತ್ತಿರಲಿಲ್ಲವೇ ಎಂಬುದು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಸಿಕ್ಕ ಉತ್ತರವನ್ನು ಎರಡನೆಯದಕ್ಕೂ ಹಚ್ಚಿಬಿಟ್ಟದ್ದು ಸರ್ಕಾರಕ್ಕೆ ಅನುಕೂಲವಾಯಿತು.

ಹದಿನೈದು ಅಡಿಯ ಲೆಕ್ಕ ಹಾಕೋಣ. ತುಂಬಿದಾಗ ಇಡುಕ್ಕಿ ಹರಡುವುದು ಸುಮಾರು 60 ಚದರ ಕಿಲೋಮೀಟರ್. ಇಳಿದಂತೆ ಸ್ವಲ್ಪ ಕಿರಿದಾಗುತ್ತದೆ, ಆದ್ದರಿಂದ ಮೇಲಿನ ಹದಿನೈದು ಅಡಿ ಒರಟು ಅಂದಾಜಿಗೆ 25 ಕೋಟಿ ಘನ ಮೀಟರ್, ಹತ್ತಿರ ಹತ್ತಿರ 9 ಟಿಎಂಸಿ. ಒಳಹರಿವಿಗೂ ಹೊರಹರಿವಿಗೂ ಸಾವಿರ ಕ್ಯುಮೆಕ್ ವ್ಯತ್ಯಾಸ ಇಟ್ಟುಕೊಂಡರೆ ಈ ಜಾಗ ತುಂಬಲು ಹಿಡಿಯುವುದು ಮೂರು ದಿನಕ್ಕೆ ಸ್ವಲ್ಪ ಕಡಿಮೆ. ಆಗಸ್ಟ್ 15, 16, 17 ಎಂದರೂ ಮೂರು ದಿನವೇ. ಇನ್ನೊಂದು ಕಡೆ, ಮೂಲಮಟ್ಟಂನಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಮುಕ್ಕಾಲು ಘನ ಮೀಟರಿಗಿಂತ ಕಡಿಮೆ ನೀರು ಸಾಕು, ಅಷ್ಟು ಎತ್ತರದಿಂದ ಬೀಳುತ್ತದೆ. ಆ ಹದಿನೈದು ಅಡಿಯಲ್ಲಿ 35ರಿಂದ 40 ಕೋಟಿ ಯೂನಿಟ್ ಇದೆ. ವಿದ್ಯುದಾಗಾರ ಹಗಲೂ ರಾತ್ರಿ ಪೂರ್ತಿ ಓಡಿದರೂ ಸೆಕೆಂಡಿಗೆ ನೂರು ಚಿಲ್ಲರೆ ಘನ ಮೀಟರಿಗಿಂತ ಹೆಚ್ಚು ಕುಡಿಯಲಾರದು, ಅಂದರೆ ಅದನ್ನು ವಿದ್ಯುತ್ತಾಗಿಸಿಯೇ ಖಾಲಿ ಮಾಡುತ್ತೇವೆ ಎಂದರೆ ಸುಮಾರು ಮೂರು ವಾರ ಬೇಕು, ಒಳಗೆ ಒಂದು ಹನಿ ಬಾರದಿದ್ದರೂ. ಮಳೆ ಬರುವ ಎರಡು ದಿನ ಮೊದಲು ಎಚ್ಚೆತ್ತರೆ ಆಗುವ ಕೆಲಸವಲ್ಲ ಅದು. ಜುಲೈ ಮಧ್ಯದಲ್ಲೇ, ಆಕಾಶ ತಿಳಿಯಾಗಿದ್ದರೂ, ಹಣವನ್ನು ನೀರಿಗೆ ಬಿಡುವ ಧೈರ್ಯ ಯಾರಿಗಾದರೂ ಇರಬೇಕು. ಮಳೆ ಬಾರದೇ ಹೋದರೆ ಮುಂದಿನ ಏಪ್ರಿಲ್‌ನಲ್ಲಿ ಕರೆಂಟ್ ಕಡಿತಕ್ಕೆ ಅವರೇ ಉತ್ತರ ಕೊಡಬೇಕು. ಈ ಮೊತ್ತ ಮಂಡಳಿಯ ಪುಸ್ತಕದಲ್ಲಿ ನಷ್ಟವೆಂದು ಕಾಣಿಸುತ್ತದೆ. ನೆರೆಯ ನಂತರ ರಾಜ್ಯದ ಮರುನಿರ್ಮಾಣಕ್ಕೆ ಬೇಕೆಂದು ಅಂದಾಜಿಸಿದ 31,000 ಕೋಟಿ ರೂಪಾಯಿ ಆ ಪುಸ್ತಕದಲ್ಲಿ ಎಲ್ಲೂ ಬರುವುದಿಲ್ಲ.

ಧೈರ್ಯವನ್ನು ಒಬ್ಬ ಮನುಷ್ಯನಿಂದ ಕೇಳುವ ಬದಲು ಕಾಗದಕ್ಕೆ ವಹಿಸುವುದೇ ರೂಲ್ ಕರ್ವ್. ಹತ್ತು ಹತ್ತು ದಿನಕ್ಕೆ ಒಂದರಂತೆ, ಈ ತಾರೀಖಿಗೆ ಜಲಾಶಯ ಇದಕ್ಕಿಂತ ಮೇಲೆ ಇರಕೂಡದು ಎಂದು ಬರೆದಿಟ್ಟ ಪಟ್ಟಿ. ಮುಂಗಾರಿನ ಜೋರು ಇರುವಾಗ ಮಿತಿ ಕೆಳಗೆ, ಮಳೆಗಾಲ ಮುಗಿಯುತ್ತ ಬಂದಂತೆ ಮೇಲೆ. ನಮ್ಮ ಮಾತಲ್ಲಿ ಹೇಳಿದರೆ ತಾರೀಖಿನ ಪ್ರಕಾರ ಏರಿಳಿಯುವ ಕೋಡಿ. ಇಡುಕ್ಕಿಗೆ ಅಂಥದ್ದು ಇರಲೇ ಇಲ್ಲ ಎಂದಲ್ಲ. 2021ರ ನವೆಂಬರಿನಲ್ಲಿ ವಿಧಾನಸಭೆಯ ಮುಂದೆ ಬಂದ ಮಹಾಲೇಖಪಾಲರ ವರದಿ ನೆನಪಿಸಿದಂತೆ, 1983ರ ಒಂದು ಪಟ್ಟಿ ಇತ್ತು, ಅದನ್ನು ಪರಿಷ್ಕರಿಸಿರಲಿಲ್ಲ. ನೆರೆಯ ನಂತರ ಹೊಸ ಪಟ್ಟಿಗಳು ತಯಾರಾಗಿ 2020ರಲ್ಲಿ ಜಲ ಆಯೋಗದ ಒಪ್ಪಿಗೆ ಪಡೆದವು. ಆಗ ಅಲರ್ಟ್‌ನ ಬಣ್ಣಗಳೂ ಪೂರ್ಣ ಮಟ್ಟವನ್ನು ಬಿಟ್ಟು ಈ ಪಟ್ಟಿಗೆ ಅಂಟಿಕೊಂಡವು. 2018ರಲ್ಲಿ 2399 ಅಡಿಗೆ ಇದ್ದ ಕೆಂಪು, 2022ರ ಆಗಸ್ಟ್ ಮೊದಲ ವಾರದಲ್ಲಿ 2384 ಮುಟ್ಟುವ ಮೊದಲೇ ಬಂತು. ಆಗಸ್ಟ್ 7ರಂದು ಬಾಗಿಲು ಎತ್ತಿದವರು ಯಾರ ಜೊತೆಗೂ ವಾದ ಮಾಡಬೇಕಾಗಿ ಬರಲಿಲ್ಲ. ಪಟ್ಟಿ ನೋಡಿ ಎತ್ತಿದರು.

ಇದೆಲ್ಲ ಕೇರಳದ ಮಾತು ಎಂದು ಮೈಸೂರಿನ ಓದುಗರು ಸುಮ್ಮನಿರುವಂತಿಲ್ಲ. ವಯನಾಡಿನ ಬಾಣಾಸುರ ಸಾಗರವೂ ಇದೇ ಮಂಡಳಿಯದ್ದು. 2018ರಲ್ಲಿ ಅದನ್ನು ಮುನ್ಸೂಚನೆ ಇಲ್ಲದೆ ತೆರೆದರು ಎಂಬ ದೂರು ವಯನಾಡಿನಲ್ಲೇ ದೊಡ್ಡದಾಗಿ ಎದ್ದಿತು. ಅಲ್ಲಿ ಹೆಚ್ಚಾದ ನೀರು ಪನಮರಂ ಹೊಳೆ ಹಿಡಿದು ಕಬಿನಿಗೆ ಬರುತ್ತದೆ, ಎಚ್.ಡಿ. ಕೋಟೆಯ ಬೀಚನಹಳ್ಳಿಯ ಜಲಾಶಯಕ್ಕೆ. ಅದರ ಸಾಮರ್ಥ್ಯ 19.52 ಟಿಎಂಸಿ ಅಷ್ಟೇ, ತುಂಬಿ ನಿಂತಿದ್ದರೆ ಬಂದ ನೀರನ್ನೆಲ್ಲ ಬಿಡುವುದೊಂದೇ ದಾರಿ. 2018ರಲ್ಲೂ 2019ರಲ್ಲೂ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿ, ಊಟಿ ರಸ್ತೆ ಬಂದ್ ಆಯಿತು. ಕಪಿಲೆಯ ದಡದಲ್ಲಿ ನಿಂತವರಿಗೆ ಆ ನೀರಿನ ಒಂದು ಪಾಲಿನ ಲೆಕ್ಕ ತಿರುವನಂತಪುರದ ಪಟ್ಟಂನಲ್ಲಿದೆ ಎಂದು ಅನ್ನಿಸುವುದು ಕಷ್ಟ.

ಪಟ್ಟಿಗೂ ಒಂದು ಕೊನೆ ಇದೆ. ಮಳೆಗಾಲ ಹಿಂದೆ ಸರಿದಂತೆ ಅದು ಜಲಾಶಯವನ್ನು ತುಂಬಿಕೊಳ್ಳಲು ಬಿಡುತ್ತದೆ, ಬೇಸಿಗೆಗೆ ನೀರು ಬೇಕಲ್ಲ. 2021ರ ಅಕ್ಟೋಬರಿನಲ್ಲಿ ಮಳೆ ಬಂದದ್ದು ಸರಿಯಾಗಿ ಆ ಹೊತ್ತಿಗೆ. ಅಕ್ಟೋಬರ್ 16ರಂದು ಕೋಟ್ಟಯಂ ಜಿಲ್ಲೆಯ ಕೂಟ್ಟಿಕ್ಕಲ್, ಇಡುಕ್ಕಿ ಜಿಲ್ಲೆಯ ಕೊಕ್ಕಯಾರ್ ಸುತ್ತ ಗುಡ್ಡಗಳು ಜಾರಿ ಜನ ಸತ್ತರು. ಇಡುಕ್ಕಿಯ ಮಟ್ಟ 2398 ಅಡಿಯ ಆಸುಪಾಸಿನಲ್ಲಿತ್ತು, 2018ರಲ್ಲಿ ಮೊದಲ ಬಾಗಿಲು ಎತ್ತಿದಾಗ ಇದ್ದಷ್ಟೇ. ಕೆಲವೇ ದಿನಗಳಲ್ಲಿ ಮತ್ತೆ ಭಾರಿ ಮಳೆಯ ಮುನ್ಸೂಚನೆಯಿತ್ತು. ಈ ಸಲ ಕಾಯಲಿಲ್ಲ. ಅಕ್ಟೋಬರ್ 19ರ ಬೆಳಗ್ಗೆ ಹನ್ನೊಂದಕ್ಕೆ ಚೆರುತೋಣಿಯ ಮೂರು ಬಾಗಿಲುಗಳನ್ನು 35 ಸೆಂಟಿಮೀಟರಿನಂತೆ ಎತ್ತಿ, ಒಟ್ಟು ನೂರು ಕ್ಯುಮೆಕ್, ಹಗಲು ಹೊತ್ತಿನಲ್ಲಿ, ಮೊದಲೇ ಸಾರಿ ಹೇಳಿ ಬಿಟ್ಟರು. ಇಡಮಲಯಾರ್‌ನಿಂದಲೂ ಬಿಟ್ಟರು. ಆ ನೀರು ಭೂತತಾನ್‌ಕೆಟ್ಟು ದಾಟಿ, ಕಾಲಡಿ ದಾಟಿ ಆಲುವಾಕ್ಕೆ ಬಂದಾಗ ನದಿ ಅಪಾಯದ ಮಟ್ಟದ ಹತ್ತಿರಕ್ಕೂ ಏರಲಿಲ್ಲ.